ಇತರೆ ಇದ್ದಲ್ಲಿ ಬರೆಯಿರಿ

ಬರಕೊಳ್ರಿ ಸಿಸ್ಟರ್.
ತಲಿನೋವು ಇಲ್ಲ. ವಾಂತಿ ಒಮ್ಮೆ ಆತು,
ಅದು ಗುಳಿಗಿದಲ್ಲ, ಹಳಸಿದ ಪುಂಡಿಪಲ್ಲೆದು.
ಮೈಮ್ಯಾಲ ದದ್ದು ಇಲ್ಲ. ನಿದ್ದಿ ಬರತೈತಿ.
ಮನಸ್ಸಿನ ಏರುಪೇರು ಅಂತ ಒಂದು ಮನಿ ಐತೆಲ್ಲ,
ಅದಕ್ಕ ಸ್ವಲ್ಪ ತಡೀರಿ.

ಮೊದಲ ದಿನ ಒಂಬತ್ತು ಹಾಳಿ ಓದಿ ಹೇಳಿದ್ರಿ,
ಹೆಬ್ಬೆಟ್ಟಿನ ಡಬ್ಬಿ ಮುಂದ ಸರಿಸಿದ್ರಿ.
ಏಳನೇತ್ತ ಕಲ್ತೀನ್ರಿ, ಸಹಿ ಬರತೈತಿ ಅಂದೆ.
ಸಹಿ ಆದಮ್ಯಾಲ ನೀವಂದ್ರಿ:
ಇನ್ನ ಯಾವ ಕಾಗದದಾಗೂ ನಿನ್ನ ಹೆಸರಿರಂಗಿಲ್ಲ,
ನೀನು ಸೊನ್ನೆ ನಾಲ್ಕು ಏಳು.

ಎಂಟು ವರ್ಷದಾಗ ಓಣಿ ನನಗಿಟ್ಟ ಹೆಸರು ನಿಮಗ ಗೊತ್ತಿಲ್ಲ.
ಕೊಪ್ಪಳ ಬಸ್‌ಸ್ಟ್ಯಾಂಡಿನಾಗ ಕುಂತು
ಸೊನ್ನೆ ನಾಲ್ಕು ಏಳು, ಸೊನ್ನೆ ನಾಲ್ಕು ಏಳು ಅಂತ
ಹೊಸ ಸೀರಿ ಮಡಿಕಿ ಬಿಚ್ಚಿದಂಗ ಅಂದು ನೋಡಿದೆ.
ಈ ಹೆಸರಿನಾಕಿ ಎದುರು ಬಂದ್ರ
ಯಾರೂ ಉಡಿ ತುಂಬೋ ತಾಟಿಗೆ ಸೆರಗು ಮುಚ್ಚಂಗಿಲ್ಲ.

ಯಾರಿಗೆ ಖರೇ ಔಷಧ, ಯಾರಿಗೆ ಬರೇ ಗುಳಿಗಿ,
ನಿನಗೂ ಗೊತ್ತಿರಂಗಿಲ್ಲ, ಡಾಕ್ಟರಿಗೂ ಗೊತ್ತಿರಂಗಿಲ್ಲ ಅಂದ್ರಿ.
ಕನಕಪ್ಪ ಹೌಹಾರಿದ:
ಹಂಗಾರ ಗೊತ್ತಿರೋದು ಯಾರಿಗೆ?
ನನಗ ನಗಿ ಬಂತು.
ಕುಷ್ಟಗಿ ಸೀಮ್ಯಾಗ ಟಮಾಟಿ ಬೀಜದ ಪ್ಲಾಟಿನಾಗ ದುಡಿಯಾಕಿ ನಾನು.
ಸಂಜಿಕ ಮೊಗ್ಗಿ ಬಿಡಿಸಿ ಚಿಮಟಿಲೆ ಗಂಡು ಕಿತ್ತು,
ಮುಂಜಾನೆ ಬೆರಳಿನ ಉಂಗುರದಾಗಿನ ಹುಡಿ ಮುಟ್ಟಿಸಿ,
ಹಸರು ಎಸಳು ಎರಡು ಕತ್ತರಿಸಿ ಗುರುತು ಮಾಡ್ತೀವಿ.
ದಿನಕ್ಕ ಸಾವಿರ ಹೂವು.
ಕಟ್ಟತಾವ, ಸಿಸ್ಟರ್. ನನ್ನ ಕೈಯಾಗ ಕಟ್ಟತಾವ.
ಅಲ್ಲೂ ನಂಬರಿನ ಫಳಿ, ಅಲ್ಲೂ ಒಂದು ಚೆಕ್ ಸಾಲು.
ಹಳೇ ತಳಿ ಅದು. ಹೊಸಾದನ್ನ ಅದರ ಮಗ್ಗಲ ಇಟ್ಟು ನೋಡ್ತಾರ.
ನೀರು ಎರಡಕ್ಕೂ ಸಮ.
ಚೆಕ್ ಸಾಲಿಗೆ ಯಾರೂ ಬೈಯಂಗಿಲ್ಲ.

ಕುಕನೂರಿನ ರಾಜಮಾ ಸೊನ್ನೆ ನಾಲ್ಕು ಆರು.
ನಿಮ್ಮ ಬೆಂಚಿನ ಮ್ಯಾಲ ಕುಂತು
ಇಬ್ಬರ ಗುಳಿಗಿ ಒಂದೇ ಅಂಗೈಯಾಗ ಇಟ್ಟು ನೋಡಿದ್ವಿ.
ಬಿಳುಪು ಒಂದೇ, ನಡುವಿನ ಗೆರಿ ಒಂದೇ.
ನಿಂದು ಕಹಿ ಐತೇನ? ಐತವ್ವ. ನಂದೂ.
ಬರೇ ಗುಳಿಗಿಗೂ ಕಹಿ ಹಾಕೋದು ಯಾರಿಗೆ ಹೊಳೀತು?
ಅದಲು ಬದಲು ಮಾಡಲಿಲ್ಲ, ಆಣಿ ಮಾಡಿ ಹೇಳ್ತೀನಿ.
ಆಸೆ ಆಗಿತ್ತು, ಅಷ್ಟ.

ಮೂರನೇ ತಿಂಗಳು ಆರು ದಿನ ತಡ ಆತು.
ಆ ಆರು ದಿನ
ಉಂಗುರದಾಗಿನ ಹುಡಿ ಚೆಲ್ಲದಂಗ ನಡದೆ.
ಏಳನೇ ದಿನ, ಹನ್ನೊಂದನೇ ಸಾಲಿನ ಅರ್ಧಕ್ಕ, ಗೊತ್ತಾತು.
ಉಳಿದ ಅರ್ಧ ಸಾಲು ಮುಗಿಸಿ ಮನಿಗೆ ಬಂದೆ.

ಈಗ ಆ ಮನಸ್ಸಿನ ಮನಿಗೆ ಬರ್ರಿ.
ಗುಳಿಗಿ ನುಂಗಿದ ಆರು ತಿಂಗಳು
ನಮ್ಮತ್ತಿ ನನಗ ಕೊಡ ಎತ್ತಗೊಡಲಿಲ್ಲ.
ನಳದ ಪಾಳಿಗೆ ತಾನ ನಿಂತಳು, ಮೊಣಕಾಲು ಹಿಡಕೊಂಡು.
ಎಂಟು ವರ್ಷ ಒಲ್ಲೆ ಒಲ್ಲೆ ಅಂದ ಕನಕಪ್ಪ
ನಿಮ್ಮ ಕೈಯಾಗಿನ ಡಬ್ಬಿ ಇಸ್ಕೊಂಡು ಆ ಸಣ್ಣ ಖೋಲಿಗೆ ಹೋದ.
ಬಸ್ಸಿನಾಗ ಕಿಡಕಿ ನನಗ ಬಿಟ್ಟುಕೊಟ್ಟ,
ನಿದ್ದಿಗಣ್ಣಾಗ ನನ್ನ ಹೆಗಲಿಗೆ ತಲಿ ಆನಿಸಿದ, ಎಲ್ಲರ ಎದುರು.
ಇವನ್ನ ಯಾವ ಕಾಲಮ್ಮಿಗೆ ಹಾಕ್ತೀರಿ?
ಸೌಮ್ಯ, ಮಧ್ಯಮ, ತೀವ್ರ ಅಂತ ಮೂರು ಅದಾವ.
ತೀವ್ರ ಅಂತ ಬರೀರಿ.

ಮೊನ್ನಿ ನಿಮ್ಮ ಲಕೋಟಿ ಬಂತು, ಗುಟ್ಟು ಬಿಚ್ಚಿ.
ನನ್ನದು ಬರೇ ಗುಳಿಗಿ.
ರಾಜಮಾದು ಖರೇದು. ಅಕಿಗೂ ನಿಂತಿಲ್ಲ.
ಬ್ಯಾರೆ ಹನ್ನೆರಡು ಮಂದಿಗೆ ನಿಂತೈತಿ ಅಂತ ಬರದೀರಿ.
ಆ ಹನ್ನೆರಡು ನಂಬರಿನ ಮಗ್ಗಲ ನಾನಿದ್ದೆ.

ಅತ್ತಿಗೆ ಓದಿ ಹೇಳಿದೆ. ಒಲಿ ಮುಂದಿಂದ ಏಳಲಿಲ್ಲ.
ಮರುದಿನ ನಳ ಬಂದಾಗ ಕೊಡ ನನ್ನ ಕಡೆ ಸರಿಸಿದಳು.
ಈಗ ಅದು ಎಡಗಡೆ ನಡುವಿನ ಮ್ಯಾಲ
ತನ್ನ ಜಾಗಾದಾಗ ಕುಂತೈತಿ.
ಆದ್ರ ಕೆಳಗಿನ ಖಾಲಿ ಗೆರಿ ಮ್ಯಾಲ, ಇತರೆ ಅಂತ ಐತೆಲ್ಲ,
ಒಂದು ಮಾತು ಬರಕೊಳ್ರಿ:
ಅತ್ತಿ ಕೊಡ ಕಂಠದ ಮಟ ತುಂಬಗೊಡಂಗಿಲ್ಲ.
ನಾಕು ಬೆರಳು ಕಮ್ಮಿ ಇದ್ದಾಗನ
ನಳ ಬಂದ್ ಮಾಡಿಬಿಡ್ತಾಳ.

ಮತ್ತ ಹೋದ ಸಲದ ಬಸ್ ಚಾರ್ಜು
ನೂರಾ ನಲವತ್ತು ಬರಬೇಕ್ರಿ.
ಆರನೇ ಹಾಳ್ಯಾಗ ಐತಿ.